ಗದ್ದದ ಲಾಡಿ

ನನ್ನ ಅಕ್ಕ ಹೊನ್ನಮ್ಮನ ಬಾಯಲ್ಲಿ ಯಾವ ವಸ್ತುವಿನ ಹೆಸರೂ ಇರಲಿಲ್ಲ. ವಸ್ತು ಗೊತ್ತಿತ್ತು, ಅದರ ಉಪಯೋಗ ಗೊತ್ತಿತ್ತು, ಹೆಸರು ಮಾತ್ರ ಎಷ್ಟೋ ಸಲ ಸಿಗುತ್ತಿರಲಿಲ್ಲ. ಚಮಚಕ್ಕೆ ಬಾಚಣಿಗೆ ಅನ್ನುತ್ತಿದ್ದಳು, ಬೆಕ್ಕಿಗೆ ದಿಂಬು ಅನ್ನುತ್ತಿದ್ದಳು, ನನ್ನನ್ನು ‘ಇವಳೇ’ ಎಂದು ಕರೆಯುತ್ತಿದ್ದಳು. ಹಿಂದಿನ ವರ್ಷದ ದೊಡ್ಡ ವಾಲಿನ ದಿನ ಸೈಕಲ್ಲಿನಿಂದ ಬಿದ್ದ ಮೇಲೆ ಹೀಗಾಗಿತ್ತು. ಅವಳು ಬಿದ್ದ ಜಾಗಕ್ಕಿಂತ ಸ್ವಲ್ಪ ಕೆಳಗೆ, ಚರಂಡಿಯಲ್ಲಿ, ಅವಳ ಹೆಲ್ಮೆಟ್ಟು ಸಿಕ್ಕಿತು. ಎತ್ತಿ ತಿರುಗಿಸಿ ನೋಡಿದೆ. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ನಮ್ಮೂರಿನ ರಸ್ತೆ ಬೆಳಗ್ಗೆ ಗಿರಣಿಯ ಕಡೆಗೆ ಇಳಿಜಾರು, ಸಂಜೆ ಮನೆಗಳ ಕಡೆಗೆ ಇಳಿಜಾರು. ನಡುವೆ ಊಟದ ಹೊತ್ತಿಗೆ ಊರು ಸ್ವಲ್ಪ ಕಾಲ ಸಮವಾಗಿ ನಿಲ್ಲುತ್ತದೆ, ಆಮೇಲೆ ಇನ್ನೊಂದು ಕಡೆಗೆ ಬಾಗುತ್ತದೆ. ಇದಕ್ಕೆ ನಾವು ವಾಲು ಅನ್ನುತ್ತೇವೆ. ಹೋಗುವುದೂ ಇಳಿಜಾರು, ಬರುವುದೂ ಇಳಿಜಾರು, ಹಾಗಾಗಿ ನಮ್ಮ ಸೈಕಲ್ಲುಗಳಿಗೆ ಪೆಡಲ್ ಇಲ್ಲ, ಚೈನ್ ಇಲ್ಲ. ಹೊಸ ಸೈಕಲ್ ತಂದವರು ಮೊದಲು ಅವೆರಡನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಮಂಚದ ಕಾಲುಗಳನ್ನು ಗೂಟಕ್ಕೆ ಬಿಗಿದಿರುತ್ತೇವೆ. ಲೋಟದಲ್ಲಿ ಚಹಾ ಅರ್ಧ ಮಾತ್ರ. ತುಂಬಿ ಕೊಟ್ಟರೆ ಬಂದವರ ಮೈಮೇಲೆ ಚೆಲ್ಲಲಿ ಎಂದು ಕೊಟ್ಟ ಹಾಗೆ. ನಮ್ಮ ಮಕ್ಕಳಿಗೆ ಗೋಲಿಯಾಟ ಗೊತ್ತಿಲ್ಲ.

ವರ್ಷಕ್ಕೊಮ್ಮೆ ದೊಡ್ಡ ವಾಲು. ಆ ಬೆಳಗ್ಗೆ ರಸ್ತೆ ಏಣಿ ಒರಗಿಸಿಟ್ಟ ಹಾಗೆ ನಿಲ್ಲುತ್ತದೆ. ಗಿರಣಿಯವರು ವರ್ಷದ ಕೆಲಸಕ್ಕೆ ಜನ ತೆಗೆದುಕೊಳ್ಳುವುದು ಆ ದಿನವೇ. ಊರು ಸಮಕ್ಕೆ ಬರುವುದರೊಳಗೆ ಗಿರಣಿಯ ಬಾಗಿಲು ದಾಟಿದವರಿಗೆ ಕೆಲಸ; ತಪ್ಪಿದವರು ಮುಂದಿನ ವರ್ಷ ಬರಬೇಕು. ಆ ದಿನವೇ ಯಾಕೆ ಎಂದು ಯಾರೂ ಕೇಳಿಲ್ಲ. ಕೇಳಿದವರಿಗೆ ಕೆಲಸ ಸಿಗಲಿಕ್ಕಿಲ್ಲ. ಪ್ರತಿ ವರ್ಷ ಏಳೆಂಟು ತಲೆ ಹೋಗುತ್ತಿತ್ತು. ಹಿಂದಿನ ವರ್ಷ ಒಂಬತ್ತು. ಅಕ್ಕ ಉಳಿದುಕೊಂಡಳಾದ್ದರಿಂದ ಅವಳನ್ನು ಆ ಲೆಕ್ಕಕ್ಕೆ ಹಿಡಿಯಲಿಲ್ಲ. ಆಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಈ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ನನ್ನ ಹತ್ತಿರ ತರಬೇಡಿ, ಉಪಯೋಗ ಇಲ್ಲ” ಎಂದಿದ್ದರು.

ಆದರೂ ಅಕ್ಕ ಈ ವರ್ಷವೂ ಇಳಿಯುವವಳೇ. ನಾವಿಬ್ಬರೂ ಗಿರಣಿಯ ನೂಲುವ ಖಾತೆಯಲ್ಲಿದ್ದೆವು, ಬೇರೆ ಆದಾಯ ಇರಲಿಲ್ಲ. ಹಿಂದಿನ ವರ್ಷ ಬಿದ್ದವಳನ್ನು ಊರು ಸಮಕ್ಕೆ ಬರುವ ಮೊದಲೇ ಯಾರೋ ಹೊತ್ತು ಬಾಗಿಲು ದಾಟಿಸಿದ್ದರಿಂದ ಅವಳ ಕೆಲಸ ಉಳಿದಿತ್ತು. ಅವಳ ಕೈ ಕೆಟ್ಟಿರಲಿಲ್ಲ. ಕಡಿದ ಎಳೆಗೆ ಗಂಟು ಹಾಕಲು ಹೆಸರು ಬೇಕಾಗುವುದಿಲ್ಲ. “ಮನೇಲಿ ಕೂತು ಏನು ಮಾಡ್ಲಿ, ದಿಂಬಿಗೆ ಹಾಲು ಹಾಕ್ಕೊಂಡು ಇರ್ಲಾ?” ಎಂದು ನನ್ನನ್ನೇ ಕೇಳಿದಳು. ಬೆಕ್ಕು ಅವಳ ಕಾಲ ಹತ್ತಿರವೇ ಇತ್ತು.

ನಮ್ಮೂರಿನಲ್ಲಿ ಎಲ್ಲರ ಹತ್ತಿರವೂ ಹೆಲ್ಮೆಟ್ಟಿದೆ, ಒಳ್ಳೆಯ ಹೆಲ್ಮೆಟ್ಟೇ. ಆದರೆ ಅಂಗಡಿಯಿಂದ ತಂದ ದಿನವೇ ಗದ್ದದ ಪಟ್ಟಿಯನ್ನು ಕತ್ತರಿಸಿ ಬಿಸಾಡುತ್ತಾರೆ. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ಗದ್ದಕ್ಕೆ ಬಟ್ಟೆ ಕಟ್ಟುತ್ತಾರಲ್ಲ, ಅದೇ ಕಾರಣ. ಬದುಕಿದವರು ಗದ್ದ ಕಟ್ಟಿಕೊಂಡರೆ ಸಾವಿಗೆ ಮನೆಯ ದಾರಿ ಗೊತ್ತಾಗುತ್ತದೆ ಎಂದು ನಂಬಿಕೆ. ‘ನಿನ್ನ ಗದ್ದ ಕಟ್ಟಾ’ ಅನ್ನುವುದು ನಮ್ಮಲ್ಲಿ ಬೈಗುಳ. ಹೀಗಾಗಿ ಹೆಲ್ಮೆಟ್ಟು ಎಲ್ಲರ ತಲೆಯ ಮೇಲೂ ಪೇಟದ ಹಾಗೆ ಸುಮ್ಮನೆ ಕೂತಿರುತ್ತಿತ್ತು. ಬಿದ್ದಾಗ ತಲೆಗಿಂತ ಮೊದಲು ಅದು ಹೊರಟುಹೋಗುತ್ತಿತ್ತು.

“ನಿನ್ನ ಹೆಲ್ಮೆಟ್ಟಿಗೆ ಲಾಡಿ ಹೊಲಿದು ಕೊಡ್ತೀನಿ, ಗದ್ದಕ್ಕೆ ಕಟ್ಟಿಕೊಂಡು ಇಳಿ” ಎಂದೆ ಅಕ್ಕನಿಗೆ.

“ಈಗಲೇ ನನ್ನನ್ನ ಅರ್ಧ ಹೋದವಳು ಅಂತಾರೆ. ಗದ್ದ ಕಟ್ಟಿಕೊಂಡು ಬೀದೀಲಿ ಹೋದರೆ ಪೂರ್ತಿ ಹೋದಳು ಅಂತಾರೆ. ಎಲ್ಲರೂ ಕಟ್ಟಿಕೊಳ್ಳಲಿ, ನಾನೂ ಕಟ್ಟಿಕೊಳ್ತೀನಿ. ಒಬ್ಬಳೇ ಆದರೆ ಇಲ್ಲ.”

ಅವಳ ಹಠ ನನಗೆ ಗೊತ್ತು. ನನ್ನದೂ ಅದೇ ಮನೆಯ ಹಠ. ಅವಳೊಬ್ಬಳ ಗದ್ದ ಕಟ್ಟಬೇಕಾದರೆ ಊರಿನ ಗದ್ದವನ್ನೆಲ್ಲ ಕಟ್ಟಬೇಕು. ಸರಿ, ಕಟ್ಟೋಣ ಅಂದುಕೊಂಡೆ.

ಮೊದಲು ಹಾಲಪ್ಪಜ್ಜನ ಹತ್ತಿರ ಹೋದೆ. ರಸ್ತೆಯ ಮೇಲಿನ ತುದಿಯಲ್ಲಿ ಒಬ್ಬೊಬ್ಬರೇ ದಾಟುವಷ್ಟು ಅಗಲದ ದಿಡ್ಡಿಬಾಗಿಲಿದೆ. ಅದರ ಅಡ್ಡಗೋಲು ಎತ್ತುವುದು, ವಾಲು ಬಂದಾಗ ಕೊಂಬು ಊದುವುದು ಅವನ ಕೆಲಸ. ಊರಿನಲ್ಲಿ ಯಾರು ಸತ್ತರೂ ಗದ್ದಕ್ಕೆ ಬಟ್ಟೆ ಕಟ್ಟಲು ಅವನನ್ನೇ ಕರೆಯುತ್ತಿದ್ದರು. ನಾನು ವಿಷಯ ಹೇಳಿದಾಗ ಅವನು ಕೊಂಬನ್ನು ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದ.

“ಸರೋಜಿ, ಹಿಂದಿನ ವರ್ಷ ಒಂಬತ್ತು ಜನಕ್ಕೆ ಈ ಕೈಯಿಂದಲೇ ಕಟ್ಟಿದೆ. ನಾನು ಕಟ್ಟಿದ ಮೇಲೆ ಒಬ್ಬರೂ ಮತ್ತೆ ಬಾಯಿ ತೆಗೆದಿಲ್ಲ. ಇನ್ನು ಬದುಕಿರೋರಿಗೂ ಕಟ್ಟು ಅಂತೀಯ.”

“ಮೊದಲೇ ಕಟ್ಟಿದ್ದರೆ ಆಮೇಲೆ ಕಟ್ಟೋ ಕೆಲಸ ನಿನಗೆ ಬರ್ತಿರಲಿಲ್ಲ, ಅಜ್ಜ.”

“ನಾಲಿಗೆ ಚೆನ್ನಾಗಿದೆ. ಅದನ್ನೇ ಕಟ್ಟಬೇಕು” ಎಂದು ಅವನು ಒಳಗೆ ಹೋದ.

ಮನೆಮನೆಗೆ ಹೋದೆ. ಯಾರೂ ಜಗಳ ಮಾಡಲಿಲ್ಲ, ಜಗಳ ಮಾಡಿದ್ದರೆ ಸುಲಭವಾಗುತ್ತಿತ್ತು. ಅರ್ಧ ಲೋಟ ಚಹಾ ಕೊಟ್ಟರು, ಅಕ್ಕ ಹೇಗಿದ್ದಾಳೆ ಎಂದು ಕೇಳಿದರು, ನಾನು ಚೀಲದಿಂದ ಲಾಡಿ ತೆಗೆದ ತಕ್ಷಣ ಹೆಂಗಸರು ಮಕ್ಕಳನ್ನು ಒಳಗೆ ಕಳಿಸಿದರು. ಹೋದಲ್ಲೆಲ್ಲ ಹೆಲ್ಮೆಟ್ಟುಗಳನ್ನು ನೋಡಿಕೊಂಡು ಬಂದೆ. ಲಾಡಿಯೊಂದೇ ತೊಂದರೆಯಲ್ಲ ಎಂದು ಆಗ ಗೊತ್ತಾಯಿತು. ಬೆಳೆಯುವ ಮಕ್ಕಳಿಗೆ ಅಂಗಿ ತಂದ ಹಾಗೆ ಹೆಲ್ಮೆಟ್ಟನ್ನೂ ಒಂದು ಅಳತೆ ದೊಡ್ಡದೇ ತಂದಿದ್ದರು. ಮಕ್ಕಳು ಬೆಳೆದು ಮೀಸೆ ಬಂದರೂ ತಲೆ ಅಷ್ಟು ದೊಡ್ಡದಾಗಿರಲಿಲ್ಲ. ಒಳಗೆ ಟವೆಲ್ ತುರುಕಿಕೊಂಡಿದ್ದರು. ಹೆಂಗಸರು ತುರುಬಿನ ಮೇಲೆ ಹಾಕಿಕೊಳ್ಳುತ್ತಿದ್ದುದರಿಂದ ಹೆಲ್ಮೆಟ್ಟು ಹಿಂದೆ ವಾಲಿ, ಹಣೆಯೆಲ್ಲ ಬಯಲಾಗಿರುತ್ತಿತ್ತು. ಗಂಡಸರು ಕುಂಕುಮ ಕಾಣಲಿ, ವಿಭೂತಿ ಕಾಣಲಿ ಎಂದು ಬೇಕೆಂದೇ ಮೇಲೆ ಸರಿಸಿಕೊಳ್ಳುತ್ತಿದ್ದರು.

ನಮ್ಮ ಪಕ್ಕದ ಮನೆಯ ದುರ್ಗವ್ವ ಊರಿಗೇ ಹಿರಿಯಳು. ಒಂದು ಬೆಳಗ್ಗೆ ಮೊಮ್ಮಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದಳು. ಗಿರಣಿಗೆ ಹೊರಡುವ ಹೊತ್ತು. ಅಕ್ಕ ಬಾಗಿಲಲ್ಲಿ ನಿಂತು ಗೂಟದ ಕಡೆ ಕೈ ಮಾಡಿ, “ಇವಳೇ, ಆ ಕುಲಾವಿ ಕೊಡೇ” ಎಂದಳು.

ಗೂಟದಲ್ಲಿ ಇದ್ದದ್ದು ಅವಳ ಹೆಲ್ಮೆಟ್ಟು. ದುರ್ಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈ ವಯಸ್ಸಿಗೆ ಕುಲಾವಿ ಬೇಕಾ ಹೊನ್ನಿ? ಬಾ, ತೊಡೆ ಮೇಲೆ ಮಲಕ್ಕೋ, ಕಟ್ತೀನಿ!”

ನಾನು ನಗಲಿಲ್ಲ. ಕೂಸಿನ ತಲೆಯ ಮೇಲೂ ಕುಲಾವಿ ಇತ್ತು, ಕೆಂಪು ಬಟ್ಟೆಯದು.

“ದುರ್ಗವ್ವ, ಕುಲಾವಿ ಲಾಡಿ ಎಲ್ಲಿ ಕಟ್ತಾರೆ?”

“ಎಲ್ಲಿ ಕಟ್ತಾರೆ ಅಂದ್ರೆ? ಗದ್ದದ ಕೆಳ...” ಮುದುಕಿಯ ಬಾಯಿ ಅಲ್ಲೇ ನಿಂತಿತು. ಕೂಸಿನ ಗದ್ದದ ಕೆಳಗಿನ ಗಂಟನ್ನು ಮೊದಲ ಸಲ ನೋಡಿದವಳ ಹಾಗೆ ನೋಡಿದಳು.

“ಎಷ್ಟು ಬಿಗಿ?”

“ಎರಡು ಬೆರಳು ಹೋಗಬೇಕು. ಕೂಸು ಬಾಯಿ ಬಿಟ್ಟು ಹಾಲು ಕುಡೀಬೇಕಲ್ಲ. ಅದಕ್ಕಿಂತ ಸಡಿಲ ಆದರೆ ಕಣ್ಣ ಮೇಲೆ ಜಾರ್ತದೆ.” ಆ ಗಂಟನ್ನು ಬೆರಳಿನಿಂದ ಸವರಿ, “ಅಯ್ಯೋ ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ. ಇಷ್ಟು ದಿನ ಹೆಣ ಒಂದೇ ನೆನಪಿತ್ತು” ಎಂದಳು.

ಅಕ್ಕ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು. “ಕೊಡ್ತೀರೋ ಇಲ್ಲವೋ? ನನಗೆ ಹೊತ್ತಾಯ್ತು.”

ಅದೇ ಸಂಜೆ ದುರ್ಗವ್ವನನ್ನು ಕರೆದುಕೊಂಡು ದಿಡ್ಡಿಗೆ ಹೋದೆ. ಅವಳು ಹಾಲಪ್ಪಜ್ಜನ ಎದುರು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಏ ಹಾಲ, ನಿಮ್ಮವ್ವ ನೀರಿಗೆ ಹೋದಾಗೆಲ್ಲ ನಿನ್ನ ಕುಲಾವಿ ಕಟ್ಟಿದ್ದು ಈ ಕೈ. ಗದ್ದಕ್ಕೇ ಕಟ್ಟಿದ್ದು. ಸತ್ತೆಯಾ ನೀನು?”

“ಅದು ಕೂಸಿಗೆ, ಅತ್ತೆ.”

“ಈಗೇನು ಮಹಾ ದೊಡ್ಡೋನಾಗಿದ್ದೀಯ? ಹಲ್ಲೂ ಇಲ್ಲ, ಕೂದಲೂ ಇಲ್ಲ. ಕೂಸೇ.”

ಹಾಲಪ್ಪಜ್ಜ ಬೋಳು ತಲೆ ಸವರಿಕೊಂಡ. ಆಮೇಲೆ ಒಂದು ಮಾತು ಸೇರಿಸಿ ಒಪ್ಪಿಕೊಂಡ. ಯಾರೂ ತಮ್ಮ ಲಾಡಿ ತಾವೇ ಕಟ್ಟಿಕೊಳ್ಳಬಾರದು. ಕೂಸು ತಾನೇ ಕಟ್ಟಿಕೊಳ್ಳುತ್ತದೆಯೇ? ಮಕ್ಕಳನ್ನು ಸಾಕಿದ ಹೆಂಗಸರು ದಿಡ್ಡಿಯಲ್ಲಿ ನಿಂತು ಕಟ್ಟಬೇಕು. ಆಗ ಸಾವಿಗೂ ವ್ಯತ್ಯಾಸ ಗೊತ್ತಾಗುತ್ತದೆ ಎಂದ. ನಾನು ಸಾವಿನ ಬುದ್ಧಿಯ ಬಗ್ಗೆ ವಾದ ಮಾಡಲು ಹೋಗಲಿಲ್ಲ. ಗಂಟು ಬಿದ್ದರೆ ನನಗೆ ಸಾಕಿತ್ತು. “ಆದರೆ ಒಂದು ತಿಳ್ಕೋ. ಕಟ್ಟೋದು ತಡ ಆಯ್ತು ಅಂತ ಊರು ಕಾಯಲ್ಲ. ಸಮಕ್ಕೆ ಬರೋ ಹೊತ್ತಿಗೆ ಬಂದೇ ಬರ್ತದೆ. ಗಿರಣಿಯೋರೂ ಕಾಯಲ್ಲ” ಎಂದು ಎಚ್ಚರಿಸಿದ.

ಆಮೇಲೆ ಕೆಲಸ ಶುರುವಾಯಿತು. ಹೆಸರು ಬದಲಾದ ಕೂಡಲೇ ಜನವೂ ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ‘ಗದ್ದ ಕಟ್ಟಿಸಿಕೊಳ್ಳಿ’ ಎಂದಾಗ ಒಳಗೆ ಹೋದವರು ‘ಕುಲಾವಿಗೆ ಲಾಡಿ ಹೊಲಿದುಕೊಡ್ತೀನಿ’ ಎಂದಾಗ ಬಾಗಿಲಲ್ಲೇ ನಿಂತು ಕೇಳಿದರು. ಜಗಲಿಗಳಲ್ಲಿ ಕೂತು ಹೊಲಿದೆ. ದೊಡ್ಡ ತಲೆಯವರ ಸಣ್ಣ ಹೆಲ್ಮೆಟ್ಟನ್ನು ಸಣ್ಣ ತಲೆಯವರ ದೊಡ್ಡ ಹೆಲ್ಮೆಟ್ಟಿಗೆ ಬದಲಾಯಿಸಿದೆ. ಇದಕ್ಕೆ ಮೂರು ಮನೆಗಳವರು ಮಾತು ಬಿಟ್ಟರು, ಯಾಕೆಂದರೆ ನಿಮ್ಮ ತಲೆ ಸಣ್ಣದು ಎಂದದ್ದನ್ನು ಯಾರೂ ಮರೆಯುವುದಿಲ್ಲ. ಟವೆಲ್ಲುಗಳನ್ನು ಎಳೆದು ಹಾಕಿದೆ. ಹೆಂಗಸರಿಗೆ ತುರುಬು ಬಿಚ್ಚಿ ಕುತ್ತಿಗೆಯ ಹತ್ತಿರ ಜಡೆ ಹಾಕಿಕೊಳ್ಳಿ ಎಂದೆ. ಪ್ರತಿಯೊಬ್ಬರಿಗೂ ಪರೀಕ್ಷೆ ಒಂದೇ. ಹುಬ್ಬಿನ ಮೇಲೆ ಎರಡು ಬೆರಳು, ಅದಕ್ಕಿಂತ ಹೆಚ್ಚು ಹಣೆ ಕಾಣಬಾರದು. ಲಾಡಿಯ ಎರಡು ಎಳೆ ಕಿವಿಯ ಕೆಳಗೆ ಕೂಡಬೇಕು. ಗದ್ದದ ಕೆಳಗೆ ಎರಡು ಬೆರಳು. ಕೊನೆಗೆ ತಲೆ ಕೊಡವಿ, ಬಾಯಿ ಅಗಲಿಸಬೇಕು. ಬಾಯಿ ತೆರೆದಾಗ ಹೆಲ್ಮೆಟ್ಟು ನೆತ್ತಿಯನ್ನು ಒತ್ತಿದರೆ ಸರಿ.

“ಹಲ್ಲು ನೋಡ್ತೀಯಾ? ಸಂತೇಲಿ ಎತ್ತು ಕೊಳ್ಳೋಕೆ ಬಂದಿದ್ದೀಯಾ?” ಎಂದ ಗುರುಶಾಂತ. ಅವನು ಗಿರಣಿಯಲ್ಲಿ ಮೂಟೆ ಹೊರುವವನು, ಇಳಿಯುವುದರಲ್ಲಿ ಊರಿಗೇ ಮೊದಲಿಗ. ಅವನ ಬಾಮೈದ ರೇವಣ್ಣ ಪಕ್ಕದಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದ.

“ಎತ್ತಾದರೆ ಹೇಳಿದ ಮಾತು ಕೇಳ್ತಿತ್ತು, ಗುರುಶಾಂತಣ್ಣ. ಬಾಯಿ ಬಿಡು.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದರಂತೆ. ಬೀಳೋಕೆ ಮುಂಚೆ ನೀನು ಹೊಲೀತಿದ್ದೀಯ.”

“ಬಿದ್ದ ಮೇಲೆ ಹೊಲಿಯೋದು ಡಾಕ್ಟರು. ಅವರು ಬಟ್ಟೆ ಹೊಲಿಯಲ್ಲ.”

ರೇವಣ್ಣ ನಕ್ಕು ತನ್ನ ಹೆಲ್ಮೆಟ್ಟನ್ನು ಮುಂದೆ ಚಾಚಿದ. ಗುರುಶಾಂತ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಹಿಂದೆ ಇಟ್ಟ. “ನಮ್ಮ ಮನೇಲಿ ಗಂಡಸರು ಕುಲಾವಿ ಕಟ್ಟಲ್ಲ. ಹೋಗಿ ಬಾರವ್ವ.”

ದೊಡ್ಡ ವಾಲಿನ ಬೆಳಗ್ಗೆ ಬಿಸಿಲು ಬರುವ ಮೊದಲೇ ದಿಡ್ಡಿಯಿಂದ ಕುಂಬಾರ ಓಣಿಯವರೆಗೆ ಸಾಲು ನಿಂತಿತು. ದುರ್ಗವ್ವ ಮತ್ತು ನಾಲ್ಕೈದು ಮುದುಕಿಯರು ಕಲ್ಲಿನ ಮೇಲೆ ಕೂತಿದ್ದರು. ಜನ ಬಂದು ಬಗ್ಗುವುದು, ಅವರು ಲಾಡಿ ಕಟ್ಟುವುದು, ನಾನು ಬೆರಳಿಟ್ಟು ನೋಡುವುದು, ಹಾಲಪ್ಪಜ್ಜ ಅಡ್ಡಗೋಲು ಎತ್ತುವುದು. ಮೀಸೆ ಹೊತ್ತ ಗಂಡಸರು ಮುದುಕಿಯರ ಮುಂದೆ ಕಣ್ಣು ಮುಚ್ಚಿ ಗದ್ದ ಎತ್ತುತ್ತಿದ್ದರು. ಒಬ್ಬ ಮುದುಕಿ ಅಭ್ಯಾಸಬಲದಿಂದ ಎಲ್ಲರ ಕೆನ್ನೆ ಹಿಂಡಿ ಕಳಿಸುತ್ತಿದ್ದಳು; ಯಾರೂ ತಕರಾರು ಮಾಡಲಿಲ್ಲ. ಕೊಂಬು ಕೂಗಿತು, ರಸ್ತೆ ಕಾಲ ಕೆಳಗೆ ಜಗ್ಗಿತು, ಮೊದಲನೆಯವರು ಗಾಳಿಯ ಸದ್ದಿನಲ್ಲಿ ಇಳಿದುಹೋದರು.

ಕೆಲಸ ನಾನು ಅಂದುಕೊಂಡದ್ದಕ್ಕಿಂತ ನಿಧಾನವಾಗಿತ್ತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಎಷ್ಟೋ ಜನ ಮತ್ತೆ ಟವೆಲ್ ತುರುಕಿಕೊಂಡಿದ್ದರು, ಒಳ್ಳೆಯ ದಿನವೆಂದು ಹೆಂಗಸರು ತುರುಬು ಕಟ್ಟಿ ಹೂ ಮುಡಿದಿದ್ದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಬಿಚ್ಚಿಸಿದೆ. ಹಿಂದಿನವರು ಕೂಗಾಡಿದರು. ಗುರುಶಾಂತ ಸಾಲು ಬಿಟ್ಟು ಹೊರಗೆ ಬಂದ. “ಈ ಬಾಣಂತಿ ಕೋಣೇಲಿ ನಿಂತರೆ ವರ್ಷದ ಅನ್ನ ಹೋಗ್ತದೆ. ಬಾರೋ ರೇವ” ಎಂದು ಬಾಮೈದನ ತೋಳು ಹಿಡಿದು ದಿಡ್ಡಿಯ ಪಕ್ಕದ ಕುಸಿದ ಗೋಡೆಯ ಮೇಲೆ ಸೈಕಲ್ ಎತ್ತಿಹಾಕಿ ಇಳಿದೇಬಿಟ್ಟ. ರೇವಣ್ಣ ಒಂದು ಸಲ ನನ್ನ ಕಡೆ ನೋಡಿದ, ಆಮೇಲೆ ಅವನೂ ಹೋದ. ಗೋಡೆಯ ಹತ್ತಿರ ಮುದುಕಿಯರಲ್ಲಿ ಇಬ್ಬರನ್ನು ಕೂರಿಸಿದೆ. ಅವರನ್ನು ದಾಟಿ ಹೋಗುವ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.

ಅಕ್ಕನ ಸರದಿ ಬೇಗನೇ ಬಂದಿತ್ತು. ದುರ್ಗವ್ವ ಲಾಡಿ ಕಟ್ಟಿದಳು, ನಾನು ನೋಡಿದೆ, ಎಲ್ಲ ಸರಿಯಿತ್ತು. “ಹೋಗು” ಎಂದೆ. ಅವಳು ಸೈಕಲ್ಲನ್ನು ಪಕ್ಕಕ್ಕೆ ಒರಗಿಸಿದಳು. “ನೀನು ಬಾ, ಹೋಗೋಣ.” ನಾನು ಕೊನೆಯವಳು, ತಡವಾಗುತ್ತದೆ ಎಂದೆ. “ಆಗಲಿ” ಎಂದು ಕಲ್ಲಿನ ಮೇಲೆ ಕೂತಳು. ಬೈದೆ, ತಳ್ಳಿದೆ, ಏಳಲಿಲ್ಲ.

ಬಿಸಿಲು ನೆತ್ತಿಗೆ ಬರುವ ಮೊದಲು ಇಳಿಜಾರು ಸ್ವಲ್ಪ ಮೆತ್ತಗಾದದ್ದು ಕಾಲಿಗೆ ಗೊತ್ತಾಯಿತು. ಇನ್ನೂ ಸಾಲಿತ್ತು. ಹಾಲಪ್ಪಜ್ಜ ನನ್ನ ಕಿವಿಯ ಹತ್ತಿರ ಬಗ್ಗಿದ. “ಉಳಿದೋರನ್ನ ಹಾಗೇ ಬಿಟ್ಟುಬಿಡವ್ವ. ಒಬ್ಬರ ಬೆನ್ನಿಗೇ ಒಬ್ಬರನ್ನ ಬಿಟ್ಟರೆ ಬಾಗಿಲು ಮುಟ್ತಾರೆ.”

ಸಾಲಿನವರೂ ಕೇಳಿಸಿಕೊಂಡರು. ಎಲ್ಲರೂ ನನ್ನ ಮುಖ ನೋಡಿದರು. ಬಿಟ್ಟರೆ ಎಷ್ಟು ಜನ ಕೆಲಸ ಮುಟ್ಟುತ್ತಾರೆ ಎಂದು ಗೊತ್ತಿರಲಿಲ್ಲ, ಎಷ್ಟು ಜನ ಬೀಳುತ್ತಾರೆ ಎಂದೂ ಗೊತ್ತಿರಲಿಲ್ಲ. ಹಾಗೆ ಬೆನ್ನಿಗೇ ಬಿಟ್ಟಾಗ ಒಬ್ಬ ಬಿದ್ದರೆ ಹತ್ತು ಜನ ಬೀಳುತ್ತಾರೆ, ಇದು ಮಾತ್ರ ಗೊತ್ತಿತ್ತು. ನನ್ನ ಕೆಲಸವೂ ಅಕ್ಕನ ಕೆಲಸವೂ ಅದೇ ತಕ್ಕಡಿಯಲ್ಲಿದ್ದವು.

“ಬಿಡಬೇಡ, ಅಜ್ಜ. ಒಬ್ಬೊಬ್ಬರೇ.”

“ಅಡ್ಡಗೋಲು ನನ್ನದು, ಮಾತು ನಿನ್ನದು. ಆಮೇಲೆ ನನ್ನನ್ನ ಅನ್ನಬೇಡಿ” ಎಂದು ಅವನು ಕೂಗಿ ಹೇಳಿದ. ನನ್ನ ತಾಯಿಯನ್ನೂ ಸೇರಿಸಿ ಜನ ಬೈದರು. ಬೈಯುತ್ತಲೇ ಬಗ್ಗಿದರು, ಬೈಯುತ್ತಲೇ ಬಾಯಿ ಅಗಲಿಸಿದರು. ಬೈಯುವಾಗ ಲಾಡಿಯ ಅಳತೆ ಚೆನ್ನಾಗಿ ಗೊತ್ತಾಗುತ್ತದೆ.

ಕೊನೆಗೆ ದುರ್ಗವ್ವ ನನಗೆ ಕಟ್ಟಿದಳು. ಅಕ್ಕ ಮುಂದೆ, ನಾನು ಹಿಂದೆ ಇಳಿದೆವು. ಮೆತ್ತಗಾಗಿದ್ದರೂ ಅದು ದೊಡ್ಡ ವಾಲೇ. ಕಣ್ಣಿನಲ್ಲಿ ನೀರು ಬಂದು ರಸ್ತೆ ಮಸುಕಾಯಿತು. ಕಾಳು ತುಂಬಿಡುವ ಹಗೇವಿನ ಹತ್ತಿರದ ತಿರುವಿನಲ್ಲಿ ಒಂದು ಸೈಕಲ್ ಅಡ್ಡಬಿದ್ದಿತ್ತು. ಅಕ್ಕನ ಮುಂದಿನ ಗಾಲಿ ಅದಕ್ಕೆ ಹೊಡೆದು ಅವಳು ಗಾಳಿಯಲ್ಲಿ ಹೋದದ್ದನ್ನು ನೋಡಿದೆ. ತಲೆ ಕಲ್ಲಿಗೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಸದ್ದಿನಂತೆಯೇ ಇತ್ತು. ನಾನು ಸೈಕಲ್ ಬಿಟ್ಟು, ಉರುಳಿ, ಅವಳ ಹತ್ತಿರ ಬರುವಷ್ಟರಲ್ಲಿ ಅವಳು ಎದ್ದು ಕೂತು ಸುತ್ತ ತಡಕಾಡುತ್ತಿದ್ದಳು.

“ಇವಳೇ, ನನ್ನ ರೊಟ್ಟಿ ಒಂದು ಹೋಯ್ತು.”

ಅವಳು ಹುಡುಕುತ್ತಿದ್ದದ್ದು ಚಪ್ಪಲಿ. ಹೆಲ್ಮೆಟ್ಟು ಒಂದು ಕಿವಿಯಿಂದ ಹಿಂದಲೆಯವರೆಗೆ ಸೀಳಿತ್ತು, ಆದರೆ ತಲೆಯ ಮೇಲೇ ಇತ್ತು. ಲಾಡಿಯ ಕೆಳಗೆ ಬೆರಳು ಹಾಕಿದೆ. ಎರಡು ಹೋದವು. ತಿರುವಿನ ಮೋರಿಯ ಪಕ್ಕದಲ್ಲಿ ಯಾರೋ ರೇವಣ್ಣನ ಮುಖದ ಮೇಲೆ ಅವನದೇ ಟವೆಲ್ ಹೊದಿಸಿದ್ದರು. ಅವನ ಹೆಲ್ಮೆಟ್ಟು ಅಲ್ಲೆಲ್ಲೂ ಕಾಣಲಿಲ್ಲ.

ಅಲ್ಲಿಂದ ಸ್ವಲ್ಪ ಮುಂದೆ ಊರು ಸಮವಾಯಿತು. ಸೈಕಲ್ಲುಗಳು ನಿಂತವು. ಪೆಡಲ್ ಇಲ್ಲದ ಸೈಕಲ್ಲನ್ನು ಸಮ ನೆಲದಲ್ಲಿ ತಳ್ಳಿಕೊಂಡು ನಡೆದೆವು. ಅಕ್ಕ ಒಂದು ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡಿದ್ದಳು. ಗಿರಣಿಯ ಬಾಗಿಲು ಮುಚ್ಚಿತ್ತು. ಹೊರಗೆ ಉಳಿದವರೆಲ್ಲ ಲಾಡಿಯನ್ನೂ ಬಿಚ್ಚದೆ ನಿಂತಿದ್ದರು. ನನ್ನನ್ನು ನೋಡಿ ಒಬ್ಬಳು ಮುಂದೆ ಬಂದು, “ನಿನ್ನ ಎರಡು ಬೆರಳು ನಮ್ಮ ವರ್ಷ ತಿಂದುಹಾಕಿತು” ಎಂದಳು. ಅವಳಿಗೆ ಮೂರು ಮಕ್ಕಳು, ನಾನೇ ಅವಳ ತುರುಬು ಬಿಚ್ಚಿಸಿದ್ದೆ.

“ಹೌದು. ಮುಂದಿನ ವರ್ಷ ಎರಡು ಸಾಲು ಮಾಡ್ತೀನಿ, ಹಿಂದಿನ ದಿನವೇ ನೋಡಿ ಇಡ್ತೀನಿ” ಎಂದೆ. ಅವಳು ನನ್ನ ಮುಖಕ್ಕೆ ಉಗುಳಲಿಲ್ಲ, ಕಾಲ ಹತ್ತಿರ ಉಗುಳಿದಳು.

ಬಾಗಿಲಿನ ಸರಳುಗಳ ಆಚೆ ಗುರುಶಾಂತ ನಿಂತಿದ್ದ. ಲಾಡಿ ಕಟ್ಟದೆ ಇಳಿದವನು ಎಲ್ಲರಿಗಿಂತ ಮೊದಲು ಮುಟ್ಟಿದ್ದ. ಕೆಲಸ ಸಿಕ್ಕಿತ್ತು, ತಲೆಗೆ ಏನೂ ಆಗಿರಲಿಲ್ಲ. ಅದನ್ನೂ ಹೇಳಬೇಕು. ಅವನು ನಮ್ಮ ಗುಂಪಿನಲ್ಲಿ ಒಂದೊಂದೇ ಮುಖ ನೋಡುತ್ತಿದ್ದ.

“ಸರೋಜಿ, ನಮ್ಮ ರೇವ ನಿಮ್ಮ ಹಿಂದೆ ಇದ್ದಾನಾ?”

ನಾನೇ ಸರಳಿನ ಹತ್ತಿರ ಹೋಗಿ ಹೇಳಿದೆ.

ಆ ವರ್ಷದ ದೊಡ್ಡ ವಾಲಿಗೆ ನಮ್ಮೂರು ಕಳೆದುಕೊಂಡದ್ದು ಇಷ್ಟು: ಒಡೆದ ಹೆಲ್ಮೆಟ್ಟು ಮೂವತ್ತನಾಲ್ಕು, ಮುರಿದ ಕೈ ಆರು, ಹಲ್ಲು ಹನ್ನೊಂದು, ತಲೆ ಒಂದು, ಗಿರಣಿಯ ಕೆಲಸ ಐವತ್ತೆಂಟು. ಕೆಲಸಗಳಲ್ಲಿ ಎರಡು ನಮ್ಮ ಮನೆಯವು.